ಬೆನ್ನುಗೆಂಪು

ಡಾ. ಗಂಗೋತ್ರಿ ಹಂಚಿನಾಳ ಯಾವ ಮಾತಿಗೂ ಗಟ್ಟಿಯಾಗಿ ಹೂಂ ಎಂದವಳಲ್ಲ, ಊಹೂಂ ಎಂದವಳೂ ಅಲ್ಲ. ಇಪ್ಪತ್ತು ವರ್ಷ ರೇಡಿಯಾಲಜಿಸ್ಟ್ ಆಗಿ ದುಡಿದವರ ನಾಲಿಗೆಗೆ ಅಂಟಿಕೊಳ್ಳುವ ಚಾಳಿ ಅದು. ಚಿತ್ರದಲ್ಲಿ ಕಂಡದ್ದನ್ನು ಬರೆಯಬೇಕು, ಕೊನೆಗೆ ‘ರೋಗಿಯ ಲಕ್ಷಣಗಳೊಂದಿಗೆ ತಾಳೆ ನೋಡುವುದು’ ಎಂಬ ಸಾಲು ಸೇರಿಸಬೇಕು, ಸಹಿ ಹಾಕಬೇಕು. ಅಲ್ಲಿಗೆ ಕೈ ತೊಳೆದುಕೊಂಡಂತೆ. ರೋಗಿಯ ಮುಖ ನೋಡುವುದು, ಭುಜ ತಟ್ಟುವುದು, ಕೆಟ್ಟ ಸುದ್ದಿಯನ್ನು ಒಳ್ಳೆಯ ಮಾತಿನಲ್ಲಿ ಸುತ್ತಿಕೊಡುವುದು ಎಲ್ಲ ಮೇಲಿನ ಮಹಡಿಯ ಡಾಕ್ಟರುಗಳ ಪಾಲು. ನೆಲಮಾಳಿಗೆಯ ಮಬ್ಬು ಕೋಣೆಯಲ್ಲಿ ಕೂತವರಿಗೆ ಚಿತ್ರ ಮಾತ್ರ.

ಮನೆಯಲ್ಲಿ ಈ ಚಾಳಿಗೆ ಗಂಡ ಶಿವಯೋಗಿಯ ಕುಚೋದ್ಯ ಇದ್ದೇ ಇತ್ತು. ಹುಬ್ಬಳ್ಳಿಯ ಹೈಸ್ಕೂಲೊಂದರಲ್ಲಿ ಅವನು ಪಿ.ಟಿ. ಮಾಸ್ತರ, ಖೋ ಖೋ ತಂಡದ ಗುರು. ಊಟಕ್ಕೆ ಕೂತಾಗ ಬೇಕೆಂದೇ ಕೇಳುವನು.

"ಸಾರಿಗೆ ಉಪ್ಪು ಸರಿ ಐತೇನು, ಡಾಕ್ಟರವ್ವಾ?"

"ಸರಿ ಇದ್ದಂಗ ಕಾಣ್ತೈತ್ರಿ."

"ತಾಳೆ ನೋಡಬೇಕೇನು ಮತ್ತ?"

ಮಗಳು ಭುವನಾ ಕಿಸಕ್ಕನೆ ನಕ್ಕು ರೊಟ್ಟಿ ಗಂಟಲಿಗೆ ಸಿಕ್ಕಿಸಿಕೊಳ್ಳುವಳು. ಹೀಗೆ ನಗುತ್ತ ನಡೆದಿದ್ದ ಸಂಸಾರ ಅದು. ಈಗ ಹೇಳುವುದು ಆ ನಗು ಹೇಗೆ ನಿಂತಿತು ಎಂಬುದನ್ನು.

ಮಿಡಿತಪಟ ಎಂಬ ಯಂತ್ರ ಹುಟ್ಟಿದ್ದು ಗಂಗೋತ್ರಿ ಕೆಲಸ ಮಾಡುವ ಹೃದಯ ಸಂಶೋಧನಾ ಕೇಂದ್ರದಲ್ಲಿಯೇ. ಹಳೆಯ ಯಂತ್ರಗಳು ರೋಗವನ್ನು ಹುಡುಕುತ್ತಿದ್ದವು, ಅಂದರೆ ರೋಗ ಕಣ್ಣಿಗೆ ಬೀಳುವಷ್ಟು ಬಲಿಯುವ ತನಕ ಕಾಯುತ್ತಿದ್ದವು. ಮಿಡಿತಪಟ ರೋಗದ ಗೊಡವೆಗೇ ಹೋಗುವುದಿಲ್ಲ. ಹೃದಯದ ಸ್ನಾಯುವನ್ನು ಅದು ಸಾಸಿವೆ ಕಾಳಿಗಿಂತ ಸಣ್ಣ ಸಣ್ಣ ತುಣುಕುಗಳಾಗಿ ನೋಡುತ್ತದೆ. ಒಂದೊಂದು ತುಣುಕೂ ಯಾವ ಕ್ಷಣಕ್ಕೆ ಬಿಗಿಯಿತು, ಯಾವ ಕ್ಷಣಕ್ಕೆ ಸಡಿಲಾಯಿತು ಎಂದು ಅಳೆದು, ಒಂದು ಆರೋಗ್ಯವಂತ ಹೃದಯದ ಪಕ್ಕಕ್ಕಿಟ್ಟು ಹೋಲಿಸುತ್ತದೆ. ಎರಡೂ ಕೂಡಿದಲ್ಲಿ ಬಿಳಿ, ತಡವಾದಲ್ಲಿ ನೀಲಿ, ಅವಸರಪಟ್ಟಲ್ಲಿ ಕೆಂಪು. ಎಂಥ ರೋಗವೇ ಇರಲಿ, ಅದು ಬೇರೂರುವ ಮೊದಲೇ ಬಣ್ಣವಾಗಿ ಕಾಣಿಸಿಕೊಳ್ಳುತ್ತಿತ್ತು.

ಪಕ್ಕಕ್ಕಿಡುವ ಆ ಆರೋಗ್ಯವಂತ ಹೃದಯ ಯಾರದು? ಮೊದಲು ಸಾವಿರ ಜನರ ಹೃದಯಗಳ ಸರಾಸರಿ ತೆಗೆದು ನೋಡಿದರು. ನೂರು ಮಂದಿ ಒಂದೇ ಭಜನೆ ಹಾಡಿದರೂ ಒಬ್ಬೊಬ್ಬರ ತಾಳ ಕೂದಲೆಳೆಯಷ್ಟು ಆಚೀಚೆ ಇರುತ್ತದಲ್ಲ, ಹಾಗಾಗಿ ಸರಾಸರಿ ಹೃದಯ ಮಿಡಿಯಲೇ ಇಲ್ಲ, ಬರೀ ಗುಜುಗುಜು ಎಂದಿತು. ಒಬ್ಬನೇ ಮನುಷ್ಯನ, ನಿಜವಾಗಿ ಬಡಿಯುವ ಹೃದಯವೇ ಬೇಕಾಯಿತು. ರೇಡಿಯಾಲಜಿಯವರಲ್ಲಿ ಒಂದು ಹಳೆಯ ಪದ್ಧತಿ ಇದೆ. ಹೊಸ ಯಂತ್ರ ಬಂದರೆ ಅದರ ಬಾಯಿಗೆ ಮೊದಲು ಹೋಗುವವರು ಮನೆಯವರೇ. ಟೆಕ್ನಿಶಿಯನ್, ಅವನ ಭಾವಮೈದುನ, ಆಂಬುಲೆನ್ಸ್ ಡ್ರೈವರ್, ಡಾಕ್ಟರ ಗಂಡ. ಆ ರೂಢಿಯಂತೆ ಗಂಗೋತ್ರಿ ಶಿವಯೋಗಿಯನ್ನು ಕರೆತಂದಳು. ಬೀಡಿ ಸಿಗರೇಟು ಮುಟ್ಟದವನು, ಬೆಳಗ್ಗೆ ಹುಡುಗರ ಜೊತೆ ಮೈದಾನ ಸುತ್ತುವವನು, ಚಹಾ ಕೂಡ ಅರ್ಧ ಕಪ್ಪಿಗೇ ಸಾಕು ಎನ್ನುವವನು. ಇವನಿಗಿಂತ ಗಟ್ಟಿ ಹೃದಯ ಎಲ್ಲಿ ಸಿಗಬೇಕು? ಅವನು ಕೊಳವೆಯೊಳಗೆ ಮಲಗಿ ನಿದ್ದೆಯನ್ನೂ ಮಾಡಿ ಎದ್ದ. ಅವನ ಹೃದಯ ಮೂಲ ಹೃದಯವಾಯಿತು, ಎಲ್ಲ ಅಳತೆಗೂ ಸೊನ್ನೆಯಾಯಿತು.

"ಇನ್ನ ಊರ ಮಂದೀದೆಲ್ಲಾ ಎದಿ ಅಳಿಯಾಕ ನಾನ ಸೇರು, ನಾನ ಪಾವು," ಎಂದು ಅವನು ವರ್ಷವಿಡೀ ಹೇಳಿಕೊಂಡು ತಿರುಗಿದ.

ಒಂದು ಸಣ್ಣ ತೊಡಕಿತ್ತು. ಎಂಥ ಆರೋಗ್ಯವಂತರನ್ನು ಮಲಗಿಸಿದರೂ ಹೃದಯದ ಹಿಂಗೋಡೆಯಲ್ಲಿ, ಬೆನ್ನುಮೂಳೆಗೆ ಹತ್ತಿರವಾದ ಒಂದು ಜಾಗದಲ್ಲಿ ತುಸು ಕೆಂಪು ಬರುತ್ತಿತ್ತು. ಗಂಗೋತ್ರಿಯೂ, ಯಂತ್ರದ ಗಣಿತ ಬರೆದ ಭೌತವಿಜ್ಞಾನಿ ಸನ್ಮತಿ ಉಪಾಧ್ಯೆಯೂ ಕೂತು ತಲೆ ಕೆರೆದುಕೊಂಡು ಅದಕ್ಕೊಂದು ಕಾರಣ ಹುಡುಕಿದರು. ಅಂಗಾತ ಮಲಗಿದಾಗ ಆ ಭಾಗದ ಮೇಲೆ ಭಾರ ಬಿದ್ದು ಅದು ಕೊಂಚ ಅವಸರಪಡುತ್ತದೆ, ಶಿವಯೋಗಿಯಂಥ ಕ್ರೀಡಾಪಟುವಿನ ಗಟ್ಟಿ ಹೃದಯಕ್ಕೆ ಆ ಅವಸರವಿಲ್ಲ ಎಂದು ಬರೆದರು. ಬೇರೆ ಕ್ರೀಡಾಪಟುಗಳಿಗೂ ಕೆಂಪು ಕಂಡಾಗ, ಅವರು ಶಿವಯೋಗಿಯಷ್ಟು ಪಳಗಿದವರಲ್ಲ ಎಂದುಕೊಂಡರು. ಅದಕ್ಕೆ ‘ಬೆನ್ನುಗೆಂಪು’ ಎಂದು ಹೆಸರಿಟ್ಟರು. ಅದನ್ನು ಲೆಕ್ಕಕ್ಕೆ ಹಿಡಿಯಬೇಡ ಎಂದು ಯಂತ್ರಕ್ಕೂ ಕಲಿಸಿದರು. ದೊಡ್ಡ ಸಮ್ಮೇಳನದಲ್ಲಿ ಅದಕ್ಕೆ ಚಪ್ಪಾಳೆಯೂ ಬಿತ್ತು.

ಆಮೇಲೆ ಜನ ಮಿಡಿತಪಟವನ್ನು ತಮ್ಮದನ್ನಾಗಿ ಮಾಡಿಕೊಂಡ ರೀತಿ ನೋಡಬೇಕಿತ್ತು. ಯಂತ್ರ ಹೊತ್ತ ವ್ಯಾನುಗಳು ತಾಲ್ಲೂಕು ತಾಲ್ಲೂಕಿಗೆ ಹೋದವು. ಹೆಣ್ಣು ನೋಡಲು ಬಂದವರು ಜಾತಕದ ಜೊತೆಗೆ ‘ಪಟ ಬೆಳ್ಳಗ ಐತೇನ್ರಿ?’ ಎಂದು ಕೇಳತೊಡಗಿದರು. ಪಟ ಇಲ್ಲದೆ ಕ್ರೀಡಾ ಶಿಬಿರಕ್ಕೆ ಪ್ರವೇಶವಿಲ್ಲ ಎಂದಾಯಿತು. ಚುನಾವಣೆಗೆ ನಿಂತವರೊಬ್ಬರು ತಮ್ಮ ಪಟವನ್ನೇ ಬ್ಯಾನರ್ ಮಾಡಿಸಿ ಚೌಕಿನಲ್ಲಿ ಕಟ್ಟಿಸಿದರು, ಮಾರನೆಯ ದಿನ ಯಾರೋ ಅದರ ಮೇಲೆ ನೀಲಿ ಬಣ್ಣ ಬಳಿದರು. ಸಾವಿರಾರು ಜನರಲ್ಲಿ ಒಬ್ಬರಿಗೆ ಪಟ ಅಚ್ಚ ಬಿಳಿ ಬರುತ್ತಿತ್ತು, ಬೆನ್ನುಗೆಂಪೂ ಇಲ್ಲದೆ. ಅಂಥವರು ಸಿಕ್ಕಾಗ ಕೋಣೆಯಲ್ಲಿದ್ದವರೆಲ್ಲ ಚಪ್ಪಾಳೆ ತಟ್ಟುವುದು ಪದ್ಧತಿಯಾಗಿತ್ತು. ‘ಮಾಸ್ತರ ಹೃದಯ’ ಎಂದು ಅದಕ್ಕೆ ಅಡ್ಡಹೆಸರೂ ಇತ್ತು.

ಹೋದ ವರ್ಷ ಭುವನಾಳ ಪಟ ಅಚ್ಚ ಬಿಳಿ ಬಂದಿತು. ಹದಿನೇಳರ ಹುಡುಗಿ, ಕಾಲಲ್ಲಿ ಗಾಲಿ ಕಟ್ಟಿಕೊಂಡು ಹುಟ್ಟಿದವಳಂತೆ ಓಡುವವಳು. ಶಿವಯೋಗಿ ಓಣಿಗೆಲ್ಲ ಪೇಡೆ ಹಂಚಿದ. ಅವನ ತಾಯಿ ಪಟದ ಎದುರಿಗೆ ಉಪ್ಪು ಮೆಣಸಿನಕಾಯಿ ನಿವಾಳಿಸಿ ದೃಷ್ಟಿ ತೆಗೆದಳು. ಈಗ ರಾಜ್ಯ ತಂಡದ ಆಯ್ಕೆ ಬಂದಿತ್ತು, ಬರುವ ಭಾನುವಾರವೇ. ಮನೆಯಲ್ಲಿ ಅದರದೇ ಮಾತು.

ಆ ವಾರವೇ ನೀಲವ್ವ ನೆಲಮಾಳಿಗೆಗೆ ಇಳಿದು ಬಂದಳು.

ರೋಗಿಯ ಕಡೆಯವರು ಅಲ್ಲಿಗೆ ಬರುವುದು ಹೊಸದು. ಸುಮಾರು ಮೂವತ್ತರ ಹೆಂಗಸು. ಗದಗ ಬೆಟಗೇರಿಯಿಂದ ಬಂದವಳು. ಬಾಗಿಲಲ್ಲೇ ಚಪ್ಪಲಿ ಬಿಟ್ಟಳು.

"ಬಾಯಾರ, ನಾ ಜಗಳಾಡಾಕ ಬಂದಿಲ್ರಿ," ಎಂದಳು ಮೊದಲೇ. "ನಮ್ಮ ಮನಿಯವರು ಹನುಮಂತ ಬಾರಕೇರ ಅಂತ. ಬ್ಯಾಂಡ್ ಕಂಪನ್ಯಾಗ ಕ್ಲಾರಿನೆಟ್ ಊದತಿದ್ರು. ಎರಡು ಸಲ ತೆಲಿ ತಿರುಗಿ ಬಿದ್ದಿದ್ದಕ್ಕ ಇಲ್ಲಿ ಕರಕೊಂಡು ಬಂದಿದ್ವಿ. ನೀವು ಭಾಳ ಚಲೋ ಹೃದಯ ಐತಿ ಅಂತ ಬರದಿದ್ರಿ."

"ಹೌದೇನು? ಈಗ ಹೆಂಗದಾರ?"

"ತೀರಿಕೊಂಡ್ರಿ."

ಇಂಥ ಮಾತಿಗೆ ಉತ್ತರ ಕೊಡುವುದು ಗಂಗೋತ್ರಿಯ ಕೆಲಸವೇ ಆಗಿರಲಿಲ್ಲ. "ಏನಾಗಿತ್ತು?" ಎಂದಳು.

"ಏನೂ ಆಗಿಲ್ರಿ. ಮದವಿ ಮೆರವಣಿಗ್ಯಾಗ ಊದಕೋತ ಹೊಂಟಿದ್ರಂತ. ಊದೂದು ನಿಂತು. ಹಾಡು ಮುಗೀತು ಅಂತ ಮಾಡಿದ್ರಂತ ಎಲ್ಲಾರೂ. ಆಮ್ಯಾಲ ನೋಡಿದ್ರ ಕೂತಬಿಟ್ಟಿದ್ರು. ಆಂಬುಲೆನ್ಸ್‌ದವರು ಕರೆಂಟ್ ಕೊಟ್ರು, ಏನೂ ಆಗ್ಲಿಲ್ಲ." ನೀಲವ್ವ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು. "ನಾ ಬಂದಿದ್ದು ಅದಕ್ಕಲ್ರಿ. ಗ್ವಾಡಿಗೆ ಹಾಕಾಕ ಅವರದೊಂದು ಫೋಟೋ ಚಲೋ ಇಲ್ಲ. ಎಲ್ಲಾದ್ರಾಗೂ ಗಲ್ಲ ಉಬ್ಬಿಸ್ಕೊಂಡು ಊದೂದ ಐತಿ. ನೀವು ತಗದಿದ್ರಲ್ಲ ಹೃದಯದ್ದು, ಅದು ಬೆಳ್ಳಗ ಚಂದ ಐತಿ ಅಂತ ಎಲ್ಲಾರೂ ಅಂದಿದ್ರು. ಅದನ್ನಷ್ಟು ದೊಡ್ಡದು ಮಾಡಿ ಕೊಡ್ರಿ. ಹೂವಿನ ಹಾರ ಹಾಕತೇನಿ."

ಕಳಿಸಿಕೊಡುತ್ತೇನೆ ಎಂದು ವಿಳಾಸ ಪಡೆದು ಅವಳನ್ನು ಕಳಿಸಿದ ಮೇಲೆ ಗಂಗೋತ್ರಿ ಹನುಮಂತನ ಪಟವನ್ನು ಪರದೆಯ ಮೇಲೆ ತೆರೆದಳು. ಅಚ್ಚ ಬಿಳಿ. ಕೆಳಗೆ ಅವಳದೇ ಸಹಿ. ಹಾಲಿನಂಥ ಆ ಬಿಳುಪನ್ನು ಇಷ್ಟು ದಿನ ಅವಳು ಕಂಡು ಸಂತೋಷಪಟ್ಟವಳು. ಈಗ ಮೊದಲ ಸಲ ಅವಳಿಗೆ ಅನುಮಾನ ಬಂತು. ಸತ್ತವನ ಹೃದಯ ಇಷ್ಟು ಚೊಕ್ಕಟ ಹೇಗೆ?

ಕಂಪ್ಯೂಟರಿನಲ್ಲಿದ್ದ ಬೇರೆ ಅಚ್ಚ ಬಿಳಿಯವರ ಮನೆಗಳಿಗೆ ಫೋನ್ ಹಚ್ಚಿದಳು. ವರ್ಷದ ತಪಾಸಣೆಯ ನೆಪ ಹೇಳಿದಳು. ಎಷ್ಟೋ ಮಂದಿ ಚೆನ್ನಾಗಿಯೇ ಇದ್ದರು, ನಕ್ಕು ಮಾತಾಡಿದರು. ಆದರೆ ನಡುನಡುವೆ ಫೋನ್ ಎತ್ತಿದವರು ಬೇರೆ ಯಾರೋ ಆಗಿದ್ದರು. ‘ಅವರು ಹೋಗಿಬಿಟ್ರಲ್ರಿ’ ಎಂದರು ಒಬ್ಬರು. ‘ಊಟಕ್ಕ ಕುಂತಿದ್ರು, ಕೈಯಾಗಿನ ತುತ್ತು ಹಂಗ ಇತ್ತು’ ಎಂದರು ಇನ್ನೊಬ್ಬರು. ಒಬ್ಬ ಮುದುಕಿ ಮಗಳ ಹೆಸರು ಕೇಳಿದೊಡನೆ ಫೋನ್ ಇಟ್ಟುಬಿಟ್ಟಳು. ಬಿಳಿಯವರು ಸಾಯುತ್ತಿದ್ದರು. ಬಣ್ಣ ಇದ್ದವರಿಗಿಂತ ಹೆಚ್ಚಾಗಿ, ಯಾವ ನೋವೂ ಇಲ್ಲದೆ, ಸದ್ದೂ ಇಲ್ಲದೆ.

ಗಂಗೋತ್ರಿ ಎದ್ದು ಸನ್ಮತಿಯ ಕೋಣೆಗೆ ಹೋದಳು. ಅವನು ಚುರಮುರಿ ಪೊಟ್ಟಣ ಬಿಚ್ಚಿಕೊಂಡು ಕೂತಿದ್ದ.

"ಸನ್ಮತಿ, ಬೆನ್ನುಗೆಂಪು ಇಲ್ಲದವರು ಯಾರ್ಯಾರು?"

"ನಮ್ಮ ಮಾಸ್ತರು. ಮತ್ತ ಅಚ್ಚ ಬಿಳಿ ಮಂದಿ. ಯಾಕ್ರಿ ಮೇಡಂ?"

"ಲೋಕದ ಮಂದಿಗೆಲ್ಲಾ ಇರೂದು ಇವರಿಗಷ್ಟ ಇಲ್ಲ. ಹಂಗಾರ ತಪ್ಪು ಲೋಕದ್ದೋ, ಇವರದೋ?"

ಸನ್ಮತಿ ಬಾಯಿಗೆ ಒಯ್ದ ಕೈಯನ್ನು ಕೆಳಗಿಳಿಸಿದ. ಬುದ್ಧಿವಂತನಿಗೆ ಅಷ್ಟು ಸಾಕಾಯಿತು. ಕುಣಿಯಲು ಬಾರದವಳು ನೆಲ ಡೊಂಕು ಅಂದಳಂತೆ, ಇವರು ಅದಕ್ಕೂ ಒಂದು ಹೆಜ್ಜೆ ಮುಂದೆ ಹೋಗಿ ನೆಲದ ಡೊಂಕಿಗೊಂದು ಹೆಸರಿಟ್ಟು, ಪ್ರಬಂಧ ಬರೆದು, ಚಪ್ಪಾಳೆ ಹೊಡೆಸಿಕೊಂಡಿದ್ದರು.

"ಸೊನ್ನೆ ಬದಲಿಸಿ ನೋಡೂಣ್ರಿ," ಎಂದ ಅವನು. "ನನ್ನ ಹೃದಯ ಸೊನ್ನೆ ಮಾಡತೇನಿ. ನಂದರ ಎಲ್ಲಾರಂಗ ಸಾದಾ ಹೃದಯ ಐತಿ."

ಯಂತ್ರ ಲೆಕ್ಕ ಹಾಕಲು ಹೆಚ್ಚು ಹೊತ್ತು ತೆಗೆದುಕೊಳ್ಳಲಿಲ್ಲ. ಕೇಂದ್ರದ ಅಡಿಗೆಯವನ ಹೃದಯ, ಡ್ರೈವರನ ಹೃದಯ, ಯಾರ ಯಾರವೋ ಹೃದಯಗಳು ಒಂದೊಂದಾಗಿ ತೆರೆದುಕೊಂಡವು. ಬೆನ್ನುಗೆಂಪು ಮಾಯವಾಗಿತ್ತು, ಯಾವತ್ತೂ ಇರಲೇ ಇಲ್ಲವೇನೋ ಎಂಬಂತೆ. ಆಮೇಲೆ ಹನುಮಂತನದು ಬಂತು. ಹಿಂಗೋಡೆಯ ಮೇಲೆ, ತಾಮ್ರದ ಕೊಡಕ್ಕೆ ಸಣ್ಣ ಬಿರುಕು ಬಿಟ್ಟ ಹಾಗೆ, ಒಂದು ನೀಲಿ ಗೆರೆ. ಇಷ್ಟು ದಿನ ಲೋಕದ ಹೃದಯಗಳೆಲ್ಲ ಅವಸರಪಡುತ್ತಿವೆ ಎಂದುಕೊಂಡಿದ್ದರು. ತಡವಾಗುತ್ತಿದ್ದದ್ದು ಸೊನ್ನೆಯೇ.

ಸನ್ಮತಿ ಗೆರೆಯನ್ನು ದೊಡ್ಡದು ಮಾಡಿ, ಮಿಡಿತವನ್ನು ಅದರೊಳಗೆ ನಿಧಾನವಾಗಿ ಓಡಿಸಿ ತೋರಿಸಿದ. ಒಂದು ಮಿಡಿತ ಆ ಗೆರೆಯಲ್ಲಿ ತಡೆದು ತಡವಾಗಿ ಹೊರಬರುತ್ತಿತ್ತು. ಎಂದೋ ಒಂದು ದಿನ ಅದು ಹಿಂದೆ ಬರುವ ಮಿಡಿತಕ್ಕೆ ಎದುರಾಗಿ ಬಡಿಯುತ್ತದೆ. ಎರಡು ಅಲೆ ಡಿಕ್ಕಿ ಹೊಡೆದು ಎರಡೂ ಇಲ್ಲವಾಗುತ್ತವೆ. ಅಲ್ಲಿಗೆ ಹೃದಯ ಸುಮ್ಮನಾಗುತ್ತದೆ. ಕರೆಂಟ್ ಕೊಟ್ಟರೂ ಓಗೊಡುವುದಿಲ್ಲ.

"ಮಾಸ್ತರದು ತಗೀಲೇನ್ರಿ?" ಎಂದ ಸನ್ಮತಿ ಸಣ್ಣ ದನಿಯಲ್ಲಿ.

ಶಿವಯೋಗಿಯ ಹೃದಯದಲ್ಲೂ ಗೆರೆ ಅದೇ ಜಾಗದಲ್ಲಿತ್ತು. ಅದಿರುತ್ತದೆಂದು ಗಂಗೋತ್ರಿಗೆ ಆಗಲೇ ಗೊತ್ತಾಗಿತ್ತು. ಮುಂದಿನದನ್ನು ತೆರೆಯಲು ಸನ್ಮತಿಯ ಬೆರಳು ಏಳಲಿಲ್ಲ. ಅವನು ಪರದೆ ಬಿಟ್ಟು ಗೋಡೆ ನೋಡುತ್ತ ಕೂತ. ಭುವನಾ ಹಂಚಿನಾಳ ಎಂಬ ಹೆಸರನ್ನು ಗಂಗೋತ್ರಿ ತಾನೇ ಒತ್ತಿದಳು.

ಗೆರೆ ತೆಳುವಾಗಿತ್ತು. ಆದರೆ ಇತ್ತು.

ಅವಳಿಗೆ ಅಳು ಬರಲಿಲ್ಲ. ಪರದೆಯ ಮೇಲಿನ ಹೆಸರನ್ನು ಇನ್ನೊಮ್ಮೆ ಓದಿದಳು. ಇಡೀ ರಾಜ್ಯದ ಹೃದಯಗಳನ್ನು ನೋಡಿದ ಕಣ್ಣು ತನ್ನ ಮನೆಯ ಎರಡನ್ನು ನೋಡಲಿಲ್ಲ. ದೀಪದ ಕೆಳಗೆ ಕತ್ತಲೆ ಎಂದು ಎಷ್ಟು ಸಲ ಯಾರ್ಯಾರಿಗೋ ಹೇಳಿದ್ದಳು ಅವಳು.

ಕೇಂದ್ರದ ನಿರ್ದೇಶಕ ಡಾ. ಸುಧೀಂದ್ರ ಕಟಗೇರಿ ಕೆಟ್ಟ ಮನುಷ್ಯನಲ್ಲ. ಎಲ್ಲವನ್ನೂ ಕೇಳಿಸಿಕೊಂಡು, ಕನ್ನಡಕ ತೆಗೆದು ಮೇಜಿನ ಮೇಲಿಟ್ಟ.

"ಮಷೀನ್ ಇವತ್ತ ನಿಲ್ಲಿಸೋಣ. ಅದರಾಗ ಎರಡು ಮಾತಿಲ್ಲ. ಈಗ ಆ ಬಿಳಿ ಮಂದಿಗೆ ಏನಂತ ಹೇಳೋದು? ಔಷಧ ಅದ ಏನು?"

"ಇಲ್ರಿ ಸರ್."

"ಎದ್ಯಾಗ ಶಾಕ್ ಕೊಡೋ ಯಂತ್ರ ಹಾಕಿದ್ರ?"

"ಶಾಕ್‌ಗೆ ಅದು ಉತ್ತರಾನ ಕೊಡೂದಿಲ್ಲ."

"ಹೃದಯ ಬದಲಿ?"

"ಉಳದ ಪರೀಕ್ಷೆ ಎಲ್ಲಾ ನೆಟ್ಟಗ ಅದಾವ್ರಿ. ಓಡಾಡಕೋತ ಇರೂ ಮನಶಾಗ ಯಾವ ಕಮಿಟಿ ಹೃದಯ ಕೊಡ್ತೈತಿ?"

"ಓಡೋದು ಬಿಟ್ರ ಉಳೀತಾರೇನು?"

"ಗೊತ್ತಿಲ್ರಿ. ಹನುಮಂತ ಊದಕೋತ ಹೋದ. ಇನ್ನೊಬ್ಬರು ಊಟಕ್ಕ ಕುಂತಾಗ ಹೋದರು. ನಾಳೆನೂ ಆಗಬಹುದು, ಎಂಬತ್ತು ವರ್ಷ ಆದ ಮ್ಯಾಲೂ ಆಗಬಹುದು, ಆಗದನೂ ಇರಬಹುದು."

ಕಟಗೇರಿ ಕನ್ನಡಕವನ್ನು ಮತ್ತೆ ಹಾಕಿಕೊಂಡ. "ಹಂಗಿದ್ರ ನಾವು ಅವರಿಗೆ ಕೊಡೋದು ಏನು, ಡಾಕ್ಟರ? ಬರೇ ಅಂಜಿಕೆ ಅಲ್ಲೇನು?" ಎಂದು ಕೇಳಿದ. ಕೊನೆಗೆ, ಕಮಿಟಿ ಕೂತು ತೀರ್ಮಾನ ಮಾಡಲಿ ಎಂದ. ಕಮಿಟಿ ಯಾವಾಗ ಕೂರುತ್ತದೆಂದು ಅವನೂ ಹೇಳಲಿಲ್ಲ, ಅವಳೂ ಕೇಳಲಿಲ್ಲ. ಅವನ ಪ್ರಶ್ನೆಯನ್ನು ಹೊತ್ತುಕೊಂಡೇ ಅವಳು ನೆಲಮಾಳಿಗೆಗೆ ಇಳಿದಳು.

ನೀಲವ್ವ ಕೇಳಿದ್ದ ಪಟ ದೊಡ್ಡದಾಗಿ ಅಚ್ಚಾಗಿ, ಕಟ್ಟು ಹಾಕಿ ಮೇಜಿನ ಮೇಲೆ ಬಂದು ಕೂತಿತ್ತು. ಗಂಗೋತ್ರಿ ಅದನ್ನು ಅಂಚೆಗೆ ಹಾಕಿಸಲಿಲ್ಲ. ಕಮಿಟಿ ಏನಾದರೂ ಹೇಳಲಿ, ಇವಳೊಬ್ಬಳಿಗಾದರೂ ನಿಜ ಹೇಳುತ್ತೇನೆಂದು ಕಾರಿನಲ್ಲಿಟ್ಟುಕೊಂಡು ತಾನೇ ಬೆಟಗೇರಿಗೆ ಹೊರಟಳು. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಳು. ನೇಕಾರರ ಓಣಿ, ಮಗ್ಗಗಳ ಖಟಖಟ. ಆ ಸದ್ದು ಒಂದು ಮನೆಯಲ್ಲಿ ನಿಂತರೆ ಸಾಕು, ಅವಳ ಜೀವ ಝಲ್ಲೆನ್ನುತ್ತಿತ್ತು.

ನೀಲವ್ವ ಪಟವನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ಕಣ್ಣಿಗೊತ್ತಿಕೊಂಡಳು. ಮೊಳೆ ಮೊದಲೇ ಹೊಡೆಸಿಟ್ಟಿದ್ದಳು. ಕ್ಲಾರಿನೆಟ್ಟಿನ ಪಕ್ಕದಲ್ಲಿ ಪಟ ಏರಿತು, ಸೇವಂತಿಗೆ ಹಾರ ಬಿತ್ತು. ಪಕ್ಕದ ಮನೆಯವರು ಬಂದು ನೋಡಿ, "ನೋಡ್ರಿ, ಹೆಂಗ ಬೆಳ್ಳಗ ಐತಿ. ಯಾರಿಗೂ ಕೆಟ್ಟದ್ದು ಬಯಸದ ಹೃದಯ," ಎಂದರು. ಚಹಾ ಬಂತು. ಗಂಗೋತ್ರಿ ಕುಡಿದಳು. ಹೇಳುತ್ತೇನೆ, ಈ ಕಪ್ಪು ಕೆಳಗಿಟ್ಟ ಮೇಲೆ ಹೇಳುತ್ತೇನೆ ಎಂದುಕೊಂಡಳು.

ನೀಲವ್ವ ಒಳಗಿನಿಂದ ಮೂರು ವರ್ಷದ ಮಗಳನ್ನು ಎತ್ತಿಕೊಂಡು ಬಂದಳು. ಮಗು ತಾಯಿಯ ಹೆಗಲಲ್ಲಿ ಮುಖ ಹುದುಗಿಸಿತು.

"ಎಲ್ಲಾ ಅವರಪ್ಪನ ಹಂಗ ಅಂತಾರ ಬಾಯಾರ, ಮೂಗು, ಬಾಯಿ, ಹಟಾ. ಈಕಿದೂ ಹಂಗ ಬೆಳ್ಳಗ ಇರ್ತೈತೇನ್ರಿ ಒಳಗ?"

ಗಂಗೋತ್ರಿಯ ಬಾಯಿ ತೆರೆಯಿತು. ಬಂದದ್ದು ಇಷ್ಟೇ: "ತಾಳೆ ನೋಡಬೇಕವ್ವ."

ಅಷ್ಟು ಹೇಳಿ ಎದ್ದು ಬಂದುಬಿಟ್ಟಳು. ಕಾರಿನಲ್ಲಿ ಕೂತ ಮೇಲೆ ತನ್ನ ಬಗ್ಗೆ ಅವಳಿಗೆ ಹೇಸಿಗೆಯಾಯಿತು.

ಮನೆಗೆ ಬಂದಾಗ ಶಿವಯೋಗಿ ಜಗಲಿಯಲ್ಲಿ ಕೂತು ಆಯ್ಕೆಗೆ ಬರುವ ಹುಡುಗಿಯರ ಅಂಗಿಗಳಿಗೆ ನಂಬರು ಹೊಲಿಯುತ್ತಿದ್ದ. ಸೂಜಿಗೆ ದಾರ ಪೋಣಿಸಲು ಕಣ್ಣು ಕಿರಿದು ಮಾಡಿಕೊಂಡಿದ್ದ. ಭುವನಾ ಇನ್ನೂ ಮೈದಾನದಿಂದ ಬಂದಿರಲಿಲ್ಲ. ಗಂಗೋತ್ರಿ ಅವನ ಎದುರಿಗೆ ಕೂತು, ಎಲ್ಲಿಯೂ ನಿಲ್ಲಿಸದೆ, ಎಲ್ಲ ಹೇಳಿದಳು.

ಮೊದಲು ಅವನು ನಕ್ಕ. "ಅಂದ್ರ ಇಷ್ಟು ವರ್ಷ ನನ್ನ ಸೇರಿಗೆ ತಳಾನ ಇದ್ದಿಲ್ಲೇನು?" ಎಂದ. ಆಮೇಲೆ ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟ.

"ನಮ್ಮಪ್ಪ ಲಿಂಗಪೂಜೆಗೆ ಕುಂತಲ್ಲೇ ಹೋದ," ಎಂದ. "ಪುಣ್ಯವಂತನ ಸಾವು ಅಂದ್ರು ಊರ ಮಂದಿ. ಅಜ್ಜನೂ ಹಂಗ. ಹೊಲದಾಗ ಗಿಡದ ನೆರಳಿಗೆ ಕುಂತಿದ್ದ. ನಮ್ಮ ಮನೆತನಾನ ಪುಣ್ಯವಂತರದು ಅಂತಿದ್ರು."

ಇದು ಗಂಗೋತ್ರಿಗೆ ತಿಳಿಯದ ಮಾತಲ್ಲ. ಮಾವ ತೀರಿಕೊಂಡಾಗ ಅವಳೂ ಅಲ್ಲಿದ್ದಳು, ಅವಳೂ ಕೈ ಮುಗಿದು ಹಾಗೆಯೇ ಅಂದಿದ್ದಳು. ಗಂಡನನ್ನು ಯಂತ್ರದೊಳಗೆ ಮಲಗಿಸುವ ಮೊದಲು ಮನೆತನದಲ್ಲಿ ಹೃದಯದ ತೊಂದರೆ ಇದೆಯೇ ಎಂದು ಕೇಳಬೇಕಿದ್ದವಳೂ ಅವಳೇ, ಇಲ್ಲ ಎಂದು ಉತ್ತರ ಕೊಟ್ಟವಳೂ ಅವಳೇ. ನರಳದೆ ಸತ್ತದ್ದನ್ನು ಯಾರು ತಾನೇ ರೋಗ ಎನ್ನುತ್ತಾರೆ?

"ಭುವೀದು?" ಎಂದು ಕೇಳಿದ ಶಿವಯೋಗಿ.

ಅವಳು ತಲೆ ತಗ್ಗಿಸಿದಳು.

"ತಾಳೆ ನೋಡಿದೇನು?" ಈ ಸಲ ಅವನ ದನಿಯಲ್ಲಿ ತಮಾಷೆ ಇರಲಿಲ್ಲ. ಬೇಡಿಕೊಳ್ಳುವ ದನಿ ಅದು. ಎಲ್ಲೋ ಒಂದು ಸಂದು ಉಳಿದಿರಲಿ ಎಂಬ ಆಸೆ.

"ನೋಡೀನ್ರಿ. ತಾಳೆ ಆತು."

ಅವನು ಅಂಗಿಯನ್ನು ಎತ್ತಿಕೊಂಡು ಮತ್ತೆ ಹೊಲಿಯತೊಡಗಿದ. ಹೊಲಿಗೆ ಸೊಟ್ಟಗೆ ಹೋಯಿತು. ಬಿಚ್ಚಿದ. ಮತ್ತೆ ಹೊಲಿದ. ಅವಳು ನೋಡುತ್ತ ಕೂತಳು.

ಮಗಳಿಗೆ ಹೇಳಬೇಕೋ ಬೇಡವೋ ಎಂದು ಗಂಡ ಹೆಂಡತಿ ಎರಡು ದಿನ ಪಿಸುಗುಟ್ಟಿದರು. ಓಡಬೇಡ ಎಂದರೆ ಯಾಕೆಂದು ಹೇಳಬೇಕು. ಹೇಳಿದರೆ ಅವಳು ಪ್ರತಿ ಮಿಡಿತಕ್ಕೂ ಕಿವಿಗೊಟ್ಟು ಬದುಕಬೇಕು. ಹೇಳದೆ ಏನಾದರೂ ಆದರೆ, ಆ ಯೋಚನೆ ಅಲ್ಲಿಂದ ಮುಂದೆ ಹೋಗುತ್ತಿರಲಿಲ್ಲ. ಭುವನಾ ಕಿವುಡಿಯಲ್ಲ. ಶನಿವಾರ ಮಧ್ಯಾಹ್ನ ಊಟಕ್ಕೆ ಕೂತಾಗ ತಾಟು ಪಕ್ಕಕ್ಕೆ ಸರಿಸಿದಳು.

"ಏನಾಗೇತಿ ಅಂತ ಈಗ ಹೇಳ್ತೀರೋ ಇಲ್ಲೋ? ನನ್ನ ಕಂಡ ಕೂಡ್ಲೇ ಇಬ್ರೂ ಬಾಯಿ ಮುಚ್ಚತೀರಿ."

ಗಂಗೋತ್ರಿ ಹೇಳಿದಳು. ತನ್ನ ಮಗಳ ವರದಿಯನ್ನು ತಾನೇ ಬಾಯಿಬಿಟ್ಟು ಹೇಳಿದಳು. ಇಪ್ಪತ್ತು ವರ್ಷದಲ್ಲಿ ಒಬ್ಬರಿಗೂ ಮುಖ ನೋಡಿ ಹೇಳದಿದ್ದವಳು ಮೊದಲು ಹೇಳಬೇಕಾಗಿ ಬಂದದ್ದು ಈ ಮುಖಕ್ಕೆ. ಕೇಳುತ್ತ ಕೇಳುತ್ತ ಭುವನಾಳ ಕೈ ತಾನಾಗಿಯೇ ಎದೆಯ ಮೇಲೆ ಹೋಯಿತು. ಅದನ್ನು ಗಮನಿಸಿ ಅವಳೇ ಕೆಳಗಿಳಿಸಿದಳು.

"ಅಪ್ಪಗೂ?"

"ಹೂಂ," ಎಂದ ಶಿವಯೋಗಿ.

"ನಾಳೆ ಓಡಿದ್ರ ಏನಾಗ್ತೈತಿ?"

"ಗೊತ್ತಿಲ್ಲವ್ವ," ಎಂದಳು ಗಂಗೋತ್ರಿ.

"ಓಡದ ಮನ್ಯಾಗ ಕುಂತ್ರ?"

"ಗೊತ್ತಿಲ್ಲ."

"ಒಂದು ವರ್ಷ ಕುಂತ್ರ? ಹತ್ತು ವರ್ಷ?"

"ಗೊತ್ತಿಲ್ಲ ಭುವಿ. ನನಗ ಏನಂದ್ರ ಏನೂ ಗೊತ್ತಿಲ್ಲ."

"ಹಂಗಾರ ಇಷ್ಟು ದೊಡ್ಡ ಮಷೀನ್ ಯಾಕ ಮಾಡಿದ್ರಿ?" ಭುವನಾಳ ದನಿ ಒಡೆಯಿತು. "ಕಾಣೂದಷ್ಟ ಆದ್ರ, ಏನೂ ಮಾಡಾಕ ಬರೂದಿಲ್ಲಂದ್ರ, ಯಾಕ ನೋಡಿದ್ರವ್ವ?"

ಗಂಗೋತ್ರಿ ಮಗಳನ್ನು ಅಪ್ಪಿಕೊಳ್ಳಲು ಹೋದಳು. ಹುಡುಗಿ ಬಿಡಿಸಿಕೊಂಡು ತನ್ನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಒಳಗಿನಿಂದ ಅಳುವ ಸದ್ದು ಕೇಳಿಸುತ್ತಿತ್ತು. ಆ ಸದ್ದು ಕೇಳುವವರೆಗೆ ಸರಿ ಎಂದುಕೊಂಡು ತಂದೆ ತಾಯಿ ಇಬ್ಬರೂ ಬಾಗಿಲ ಹೊರಗೇ ನೆಲದ ಮೇಲೆ ಕೂತರು. ಎಂಥ ದೈನೇಸಿ ಸ್ಥಿತಿ ಅದು! ಮಗಳ ಅಳು ನಿಲ್ಲದಿರಲಿ ಎಂದು ಹೆತ್ತವರು ಬಯಸುವುದು.

ಅದೇ ಸಂಜೆ ಸನ್ಮತಿ ಫೋನ್ ಮಾಡಿದ. ಯಂತ್ರಕ್ಕೆ ಹೊಸ ಸೊನ್ನೆ ಹುಡುಕಬೇಕಲ್ಲ, ಕೇಂದ್ರದಲ್ಲಿ ಯಾರೂ ಮಲಗಲು ಒಪ್ಪುತ್ತಿಲ್ಲವಂತೆ. ಸೊನ್ನೆಯಾದವನ ರೋಗ ಯಾರಿಗೂ ಕಾಣುವುದಿಲ್ಲ ಎಂಬುದು ಎಲ್ಲರಿಗೂ ತಿಳಿದುಬಿಟ್ಟಿದೆ. "ಇರ್ಲಿ ಬಿಡ್ರಿ ಮೇಡಂ, ನಂದ ಇರ್ಲಿ," ಎಂದ ಅವನು. "ನನಗೇನೈತಿ ಅಂತ ನನಗ ಕಾಣದಿದ್ರ ನಾನರ ಸುಖಾ ಇರ್ತೇನಿ." ಗಂಗೋತ್ರಿಗೆ ಅವನ ಮೇಲೆ ಹೊಟ್ಟೆಕಿಚ್ಚಾಯಿತು. ಅದನ್ನು ಅವಳು ಯಾರಿಗೂ ಹೇಳಿಕೊಳ್ಳಲಿಲ್ಲ.

ಭಾನುವಾರ ಬೆಳಗ್ಗೆ ಭುವನಾ ಅಂಗಿ ತೊಟ್ಟು, ಜಡೆ ಬಿಗಿಯಾಗಿ ಕಟ್ಟಿಕೊಂಡು ಬಾಗಿಲಲ್ಲಿ ನಿಂತಿದ್ದಳು. ಕಣ್ಣು ಬಾತುಕೊಂಡಿತ್ತು. ಯಾರ ಅಪ್ಪಣೆಯನ್ನೂ ಕೇಳಲಿಲ್ಲ.

"ಅಪ್ಪಾ, ಹೊತ್ತಾತು," ಎಂದಳು ಅಷ್ಟೇ.

ಶಿವಯೋಗಿ ಹೆಂಡತಿಯ ಮುಖ ನೋಡಿದ. ಬೇಡ ಎನ್ನಲು ಅವಳ ಹತ್ತಿರ ಕಾರಣವಿರಲಿಲ್ಲ, ಹೂಂ ಎನ್ನಲು ಧೈರ್ಯವಿರಲಿಲ್ಲ. ಅವನು ಸೀಟಿಯನ್ನು ಕೊರಳಿಗೆ ಹಾಕಿಕೊಂಡು ಚಪ್ಪಲಿ ಮೆಟ್ಟಿದ.

ಮೈದಾನದ ಒಂದು ಬದಿಯ ಕಲ್ಲುಮೆಟ್ಟಿಲ ಮೇಲೆ ಗಂಗೋತ್ರಿ ಕೂತಳು. ನಡುಗೆರೆಯ ಮೇಲೆ ಹುಡುಗಿಯರು ಒಬ್ಬರು ಅತ್ತ, ಒಬ್ಬರು ಇತ್ತ ಮುಖ ಮಾಡಿ ಕುಕ್ಕುರುಗಾಲಲ್ಲಿ ಕೂತರು. ಬಲತುದಿಯ ಕಂಬದ ಹತ್ತಿರ ಭುವನಾ. ಎಡತುದಿಯ ಕಂಬದ ಹತ್ತಿರ ಸೀಟಿ ಹಿಡಿದು ಶಿವಯೋಗಿ. ಹಿಂದಿನಿಂದ ಓಡಿ ಬಂದವಳು ಬೆನ್ನಿಗೆ ಬಡಿದು "ಖೋ" ಎಂದೊಡನೆ ಕೂತವಳು ಎದ್ದು ಓಡಬೇಕು. ಯಾರು ಬಡಿಯುತ್ತಾರೆ, ಯಾವಾಗ ಬಡಿಯುತ್ತಾರೆ ಎಂಬುದು ಕೂತವಳಿಗೆ ಕಾಣುವುದಿಲ್ಲ. ಈ ಆಟವನ್ನು ಗಂಗೋತ್ರಿ ಮದುವೆಯಾದಾಗಿನಿಂದ ನೋಡುತ್ತ ಬಂದವಳು, ಇಷ್ಟು ಕ್ರೂರವಾಗಿದೆ ಎಂದು ಎಂದೂ ಅನ್ನಿಸಿರಲಿಲ್ಲ.

ಶಿವಯೋಗಿ ಗಲ್ಲ ಉಬ್ಬಿಸಿ ಸೀಟಿ ಊದಿದ. ಸೀಟಿ ನಿಂತಿತು. ಗಂಗೋತ್ರಿ ತಟ್ಟನೆ ಎಡಕ್ಕೆ ತಿರುಗಿ ನೋಡಿದಳು. ನಿಂತಿದ್ದ. ಬಲಕ್ಕೆ ತಿರುಗುವಷ್ಟರಲ್ಲಿ "ಖೋ" ಎಂಬ ಕೂಗು ಬಿತ್ತು, ಭುವನಾ ಎದ್ದು ಓಡುತ್ತಿದ್ದಳು. ಧೂಳೆದ್ದಿತು. ಹುಡುಗಿಯರು ಕಿರುಚಿದರು. ಮತ್ತೆ ಸೀಟಿ, ಮತ್ತೆ ಸೀಟಿ ನಿಂತಿತು, ಮತ್ತೆ ಎಡಕ್ಕೆ ನೋಡಿದಳು. ಆ ಕ್ಷಣ ಮಗಳು ಕಣ್ಣಿಂದ ಮರೆಯಾದಳು. ಮಗಳನ್ನು ಹುಡುಕಿ ಹಿಡಿಯುವಾಗ ಗಂಡ ಮರೆಯಾದ.

ಊರವರ ಹೃದಯದ ಸಾಸಿವೆಯಷ್ಟು ತುಣುಕನ್ನೂ ಬಿಡದೆ ನೋಡಿದ ಕಣ್ಣುಗಳು ಅವು. ಒಬ್ಬನು ಆ ತುದಿಯಲ್ಲಿ, ಒಬ್ಬಳು ಈ ತುದಿಯಲ್ಲಿ. ಇಬ್ಬರನ್ನೂ ಒಟ್ಟಿಗೆ ನೋಡಲು ಅವಳಿಗೆ ಬರುತ್ತಿರಲಿಲ್ಲ.